ಖಾಲಿ ಸೈಟಿನಲ್ಲಿ ಚರಗ

ಹೇರೋಹಳ್ಳಿ, ಬೆಂಗಳೂರು
೧೨ ಜನವರಿ ೨೦೨೫, ಭಾನುವಾರ

ಶೈಲಾ,

ಅಡುಗೆಯ ಪಾರವ್ವನ ಆಶೀರ್ವಾದ. ಇಲ್ಲಿ ನಾನು ಕ್ಷೇಮ ಎಂದು ಮೊದಲು ಬರೆಯುವುದು ಪದ್ಧತಿ. ಕ್ಷೇಮವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಫೋನಿಗೆ ಒಂಬತ್ತು ಸಲ ಹಚ್ಚಿದೆ, ಸ್ವಿಚ್ ಆಫ್. ನಿಮ್ಮಪ್ಪ ಗುರುಸಿದ್ದಯ್ಯನವರು ಫೋನು ಕಸಿದುಕೊಂಡು, ಹರಪನಹಳ್ಳಿ ಕಡೆ ಅಜ್ಜಿಯ ಊರಿನಲ್ಲಿ ನಿನ್ನನ್ನು ಬಿಟ್ಟಿದ್ದಾರೆ ಎಂದು ಪಿ.ಜಿ. ಹುಡುಗಿಯರಿಂದ ತಿಳಿಯಿತು. ದೀಪಾವಳಿಯಲ್ಲಿ ಅಜ್ಜಿಗೆ ಸೀರೆ ಕೊರಿಯರ್ ಮಾಡಿಸಲು ನೀನು ಬರೆದುಕೊಟ್ಟ ವಿಳಾಸದ ಚೀಟಿ ನನ್ನ ಜೀರಿಗೆ ಡಬ್ಬಿಯಲ್ಲೇ ಉಳಿದಿತ್ತು. ಈಗ ನಾನು ಫೋನಿನಲ್ಲಿ ಕೆಮ್ಮಿದರೂ ರೆಕಾರ್ಡ್ ಮಾಡಿ ಲೇಔಟಿನ ಗ್ರೂಪಿಗೆ ಹಾಕುತ್ತಾರೆ. ಅದಕ್ಕೆ ಕಾಗದ. ರೋಣದಲ್ಲಿ ಹದಿನಾಲ್ಕು ವರ್ಷ ಅಂಗನವಾಡಿ ಸಹಾಯಕಿಯಾಗಿದ್ದವಳು ನಾನು, ಅಕ್ಷರ ಮರೆತಿಲ್ಲ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಜನವರಿ ಮೂರು, ಶುಕ್ರವಾರ, ಉಪ್ಪಿಟ್ಟಿನ ತಟ್ಟೆಯ ಮುಂದೆ ಸೌಮ್ಯಶ್ರೀ ಬಿದ್ದದ್ದು, ಸಂಜೆಯೊಳಗೆ ಇನ್ನೂ ಆರು ಹುಡುಗಿಯರು ಬಿದ್ದದ್ದು ನೀನೇ ನೋಡಿದ್ದೀ. ಭಾನುವಾರಕ್ಕೆ ಹನ್ನೊಂದಾಯಿತು, ಹನ್ನೊಂದನೆಯವಳು ನೀನು. ಆಸ್ಪತ್ರೆಯಲ್ಲಿ ರಕ್ತ ತೆಗೆದು, ಸ್ಕ್ಯಾನ್ ಮಾಡಿ, "ಏನೂ ಇಲ್ಲ, ಹೆದರಿದ್ದಾರೆ, ಊಟ ನಿದ್ದೆ ಸರಿಮಾಡಿ" ಎಂದು ಕಳಿಸಿದರು. ಏನೂ ಇಲ್ಲ ಎಂದದ್ದೇ ತಪ್ಪಾಯಿತು ನೋಡು. ಡಾಕ್ಟರಿಗೇ ಸಿಗದ ರೋಗ ಎಂದರೆ ಇನ್ನೇನು, ಮಾಟವೇ ಎಂದರು ಲೇಔಟಿನ ಜನ. ಇದರ ನಡುವೆ, ಶನಿವಾರ, ಎದುರು ಮನೆಯ ಕ್ಯಾಮೆರಾದ ವಿಡಿಯೋ ಗ್ರೂಪಿಗೆ ಬಂತು. ನಲವತ್ತು ಸೆಕೆಂಡು, ಧ್ವನಿ ಇಲ್ಲ. ನಾನು ಪಿ.ಜಿ. ಪಕ್ಕದ ಖಾಲಿ ಸೈಟಿನಲ್ಲಿ ಸುತ್ತು ಹಾಕುತ್ತಾ, ಬಾಯಿ ತೆರೆದು ಕೂಗುತ್ತಾ, ಮುಷ್ಟಿಯಿಂದ ಏನನ್ನೋ ಎರಚುತ್ತಿದ್ದೇನೆ. ಮೂಲೆಯಲ್ಲಿ ಕುಂಕುಮ ಹಚ್ಚಿದ ಐದು ಕಲ್ಲು. ಮೇಲೆ ಬರೆದಿದ್ದಾರೆ: "ಅಮಾವಾಸ್ಯೆ ದಿನ ನಮ್ಮ ಲೇಔಟಲ್ಲೇ. ಎಚ್ಚರ."

ನನ್ನ ಮಾರಿ ನಾನೇ ನೋಡಿ ಹೆದರಿದೆ, ಖರೇ ಹೇಳುತ್ತೇನೆ.

ಅಂದು ಎಳ್ಳ ಅಮಾವಾಸ್ಯೆ, ಡಿಸೆಂಬರ್ ಮೂವತ್ತು, ಸೋಮವಾರ, ಮಟಮಟ ಮಧ್ಯಾಹ್ನ. ನಮ್ಮ ಕಡೆ ಆ ದಿನ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜೆ ಮಾಡಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಎರಚಿ ಭೂಮಿತಾಯಿಗೆ ಉಣಿಸುತ್ತೇವೆ. ಚರಗ ಚೆಲ್ಲುವುದು ಎಂದರೆ ಅದೇ. ನನ್ನ ಪಾಲಿಗೆ ಈಗ ಹೊಲವಿಲ್ಲ, ಮೈದುನನ ಹೆಸರಿಗೆ ಹೋಗಿ ಏಳು ವರ್ಷವಾಯಿತು. ಬಾಪೂಜಿ ನಗರದ ಮೆಸ್ಸಿನಲ್ಲಿದ್ದಾಗ ಮಣ್ಣೇ ಕಾಣುತ್ತಿರಲಿಲ್ಲ. ಇಲ್ಲಿ ಕಿಟಕಿಯ ಪಕ್ಕದಲ್ಲೇ ಮೂವತ್ತು-ನಲವತ್ತರ ಸೈಟು, ಕರಿಕೆ ಹುಲ್ಲು ಬೆಳೆದ ಮಣ್ಣು. ಮೊದಲು ಅದು ಚಿಕ್ಕಹನುಮಯ್ಯನವರ ರಾಗಿ ಹೊಲವಂತೆ. ಕೇಳಿದ್ದಕ್ಕೆ ಆ ಮುದುಕ ನಕ್ಕು, "ಹಾಕ್ಕೊಳಮ್ಮ, ಎಷ್ಟೋ ವರ್ಸ ಆಯ್ತು ಅದು ಉಂಡು" ಎಂದರು. ಸಾಕ್ಷಿ ಹೇಳಿ ಎಂದು ಅವರನ್ನೂ ಈಗ ಕೇಳಿ ನೋಡಿದೆ. ಕಣ್ಣು ಮಂಜಂತೆ, ಅವತ್ತಿಂದು ನೆನಪಿಲ್ಲವಂತೆ.

ಚರಗಕ್ಕೆ ಇಬ್ಬರು ಬೇಕು, ಶೈಲಾ. ಮುಂದಿನವರು ಚೆಲ್ಲುತ್ತಾ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವರು ಚೆಲ್ಲಿದ ಮೇಲೆ ನೀರು ಚಿಮುಕಿಸುತ್ತಾ "ಚಳ್ಳಂಬರಿಗೋ" ಎಂದು ಉತ್ತರ ಕೊಡಬೇಕು. ಹಿಂದೆ ತಂಬಿಗೆ ಹಿಡಿದವಳು ನೀನು. "ಅಜ್ಜಿ ಜೊತೆ ನಾನೂ ಹಾಕ್ತಿದ್ದೆ" ಎಂದು ಕಾಲೇಜಿಗೆ ಚಕ್ಕರ್ ಹೊಡೆದು, ನನ್ನನ್ನು ದೊಡ್ಡವ್ವ ಎಂದು ಕರೆದು ಬಂದೆ. ಎರಡು ಹೂರಣದ ಕಡಬು ತಿಂದು ಮೂರನೆಯದು ಕೇಳಿದೆ. ಉಳಿದ ಹುಡುಗಿಯರಿಗೆ ಸಾಲದು ಎಂದು ನಾನು ಕೊಡಲಿಲ್ಲ. ವಿಡಿಯೋ ಇದೆಯಲ್ಲ, ಕರೆಂಟು ಕಂಬದ ಮರೆಯಿಂದ ನೀನು ಕಾಣಿಸುವ ಮೊದಲೇ ಅದನ್ನು ಕತ್ತರಿಸಿದ್ದಾರೆ.

ಸೌಮ್ಯಶ್ರೀಯ ತಾಯಿ ಬಸವರಾಜೇಶ್ವರಿ ಎಲ್ಲರೆದುರು ನಿನ್ನನ್ನು ಕೇಳಿದರಲ್ಲ, "ಅಡುಗೆ ಆಂಟಿ ನಿಂಗೂ ಏನಾದ್ರೂ ತಿನ್ನಿಸಿದ್ರೇನೇ?" ನೀನು ತಲೆ ಆಡಿಸಿದೆ. ಆಡಿಸಿ ಬಿದ್ದೆ. ಆಮೇಲೆ ನಿನ್ನನ್ನು ಕಾರಿಗೆ ಹಾಕಿದರು, ನನ್ನನ್ನು ಅಡುಗೆಮನೆಯಿಂದ ಹೊರಗೆ ಹಾಕಿದರು.

ಪಿ.ಜಿ. ಮಾಲೀಕರು ಚನ್ನಕೇಶವ ಅವರಿಗೆ ಎರಡು ಸಾಲು ಬರೆ. "ನೀರು ಹಾಕಿದವಳು ನಾನು, ಅದು ಚರಗ" ಎಂದು, ಅಷ್ಟೇ. ಬೇರೇನೂ ಬೇಡ.

ಇಂತಿ,
ಪಾರವ್ವ


ಹೇರೋಹಳ್ಳಿ
೨೨ ಜನವರಿ

ಶೈಲಾ,

ಹತ್ತು ದಿನವಾಯಿತು. ಅಂಚೆಯವನು ದಿನಾ ಮೂರು ಗಂಟೆಗೆ ಬರುತ್ತಾನೆ. ನನ್ನ ಬಾಗಿಲ ಮುಂದೆ ಮಾತ್ರ ಸೈಕಲ್ ಇಳಿದು, ಆಚೆ ಬದಿಯಿಂದ ತಳ್ಳಿಕೊಂಡು ಹೋಗುತ್ತಾನೆ. ಕಾಗದ ಬಂದಿದ್ದರೂ ಕೊಡುತ್ತಾನೋ ಇಲ್ಲವೋ ಎಂದು ನಿನ್ನೆ ಅಡ್ಡಗಟ್ಟಿ ಕೇಳಿದೆ. "ಇಲ್ಲಮ್ಮ, ಇದ್ರೆ ಕೊಡ್ತೀನಿ" ಎಂದು ಮೂರು ಹೆಜ್ಜೆ ಹಿಂದೆ ಸರಿದ.

ನನ್ನ ಕೋಣೆಯ ಮುಂದೆ ಯಾರೋ ನಿಂಬೆಹಣ್ಣು ಕೊಯ್ದು ಇಟ್ಟು ಹೋಗುತ್ತಾರೆ. ಮೊದಲ ದಿನ ಅತ್ತೆ. ಎರಡನೆಯ ದಿನ ಎಸೆದೆ. ನಿನ್ನೆ ಹಿಂಡಿ ಚಿತ್ರಾನ್ನ ಮಾಡಿಕೊಂಡೆ. ಅದನ್ನೂ ಕಿಟಕಿಯಿಂದ ನೋಡಿ, "ಮಂತ್ರಿಸಿದ ನಿಂಬೆಹಣ್ಣನ್ನೇ ತಿಂದು ಜೀರ್ಣ ಮಾಡ್ಕೊತಾಳೆ" ಎಂದು ಗ್ರೂಪಿಗೆ ಹಾಕಿದ್ದಾರೆ. ಏನು ಮಾಡಲಿ ಹೇಳು, ನಕ್ಕರೂ ತಪ್ಪು, ಅತ್ತರೂ ತಪ್ಪು.

ಚನ್ನಕೇಶವ ಮೊನ್ನೆ ಬಂದಿದ್ದರು. ಒಳಗೆ ಬರಲಿಲ್ಲ, ಬೈಕಿನ ಮೇಲೇ ಕೂತು ಮಾತಾಡಿದರು. "ನೋಡಮ್ಮ, ನಾನ್ ಇವೆಲ್ಲ ನಂಬಲ್ಲ. ಆದ್ರೆ ಪೇರೆಂಟ್ಸು ಬಂದು ನನ್ ಕುತ್ತಿಗೆ ಮೇಲೆ ಕೂತವ್ರೆ. ಒಂದು ಪೇಪರ್ ರೆಡಿ ಮಾಡ್ಸಿದೀನಿ. ಮಾಡಿದ್ದು ನಾನೇ, ತಪ್ಪಾಯ್ತು, ವಾಪಸ್ ತಗೊಂಡಿದೀನಿ ಅಂತ ಸೈನ್ ಹಾಕ್ಬಿಡಿ. ಒಂದು ವಾರ ಊರಿಗೆ ಹೋಗ್ಬನ್ನಿ. ಆಮೇಲೆ ಬೇರೆ ಕಡೆ ನಾನೇ ಕೆಲ್ಸ ಕೊಡುಸ್ತೀನಿ."

"ಮಾಡಿಲ್ಲದ್ದು ಹ್ಯಾಂಗ್ ವಾಪಸ್ ತಗೊಳ್ಳಿರಿ ಯಪ್ಪಾ?" ಎಂದೆ.

"ಅಯ್ಯೋ, ಬರೀ ಒಂದ್ ಸೈನ್ ಕಣಮ್ಮ!"

ಅವರ ಲೆಕ್ಕ ನನಗೆ ತಿಳಿಯುತ್ತದೆ. ಊಟದಲ್ಲಿ ದೋಷ ಎಂದರೆ ಪಿ.ಜಿ. ಮುಚ್ಚಬೇಕು. ಅಡುಗೆಯವಳಲ್ಲಿ ದೋಷ ಎಂದರೆ ಅಡುಗೆಯವಳು ಹೋದರೆ ಸಾಕು. ಸ್ಟೇಷನ್ನಿಗೂ ಹೋಗಿ ಬಂದೆ. ಬರೆದುಕೊಂಡರು, ಇಬ್ಬರು ಬಂದು ಸೈಟು ನೋಡಿಹೋದರು. ಅವರು ಹೋದ ಮೇಲೆ ಕಿಟಕಿಗೆ ಕಲ್ಲು ಬಿತ್ತು.

ನಿನ್ನ ಎರಡು ಸಾಲು ಬಂದರೆ ಇದೆಲ್ಲ ನಿಲ್ಲುತ್ತದೆ. ಯಾಕೆಂದರೆ ನೀನು ಹನ್ನೊಂದರಲ್ಲಿ ಒಬ್ಬಳು. ನಾನು ಹೇಳಿದರೆ ಕಳ್ಳಿಯ ಮಾತು, ನೀನು ಹೇಳಿದರೆ ಸಾಕ್ಷಿ.

ಇಂತಿ,
ಪಾರವ್ವ


ಹರಪನಹಳ್ಳಿ ತಾಲ್ಲೂಕು
೨೭ ಜನವರಿ

ಪಾರವ್ವ ಆಂಟಿಗೆ ನಮಸ್ಕಾರ.

ನಿಮ್ಮ ಎರಡೂ ಕಾಗದ ಬಂದಿವೆ. ಅಜ್ಜಿಗೆ ಓದಲು ಬರುವುದಿಲ್ಲ, ಕಾಲೇಜಿನದು ಎಂದು ಹೇಳಿದ್ದೇನೆ. ದಯವಿಟ್ಟು ಇನ್ನು ಬರೆಯಬೇಡಿ. ಅಪ್ಪ ಶನಿವಾರ ಶನಿವಾರ ದಾವಣಗೆರೆಯಿಂದ ಬರುತ್ತಾರೆ. ಅವರ ಕೈಗೆ ಸಿಕ್ಕಿದರೆ ನನ್ನ ಓದು ಇಲ್ಲಿಗೇ ನಿಲ್ಲುತ್ತದೆ. ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಅವರನ್ನು ಒಪ್ಪಿಸಲು ನಾನು ಎರಡು ವರ್ಷ ಕಾದಿದ್ದೇನೆ. ಮಾರ್ಚಿನಲ್ಲಿ ಪರೀಕ್ಷೆ.

ಆಂಟಿ, ಸಹಿ ಮಾಡಿಬಿಡಿ. ನೀವು ಏನೂ ಮಾಡಿಲ್ಲ ಎಂದು ನಿಮಗೆ ಗೊತ್ತಿದೆಯಲ್ಲ. ಒಂದು ಕಾಗದದಿಂದ ಏನಾಗುತ್ತದೆ? ಎಲ್ಲರೂ ಮರೆಯುತ್ತಾರೆ.

ಶೈಲಾ


ಹೇರೋಹಳ್ಳಿ
೧ ಫೆಬ್ರವರಿ

ಶೈಲಾ,

ಬರೆಯಬೇಡಿ ಎಂದೆ. ಬರೆಯುತ್ತೇನೆ. ಸಿಟ್ಟು ಬಂದಿದೆ, ಅದನ್ನು ಪಾತ್ರೆ ತಿಕ್ಕಿ ಕಳೆಯೋಣವೆಂದರೆ ನನಗೆ ಈಗ ಪಿ.ಜಿ.ಯ ಪಾತ್ರೆಯೂ ಇಲ್ಲ.

ಒಂದು ಕಾಗದದಿಂದ ಏನಾಗುತ್ತದೆ ಎಂದು ಕೇಳಿದ್ದೀ. ಹೇಳುತ್ತೇನೆ. ಇವತ್ತು ಸಹಿ ಹಾಕಿದರೆ ಹನ್ನೊಂದು ಹುಡುಗಿಯರಿಗೇ ಮುಗಿಯುವುದಿಲ್ಲ. ನಾಳೆ ಈ ಲೇಔಟಿನಲ್ಲಿ ಯಾರ ಮಗುವಿಗೆ ಜ್ವರ ಬಂದರೂ, ಯಾರ ಹಸು ಹಾಲು ಕೊಡದಿದ್ದರೂ, ಆ ಸಹಿಯ ಫೋಟೋ ತೆಗೆದು ತೋರಿಸುತ್ತಾರೆ. ರೋಣಕ್ಕೆ ಹೋದರೂ ಅದು ನನಗಿಂತ ಮುಂಚೆ ಬಸ್ಸಿಲ್ಲದೆ ಹೋಗಿ ಮುಟ್ಟುತ್ತದೆ. ಅದಿರಲಿ. ಬೆಳಗ್ಗೆ ನಾಲ್ಕಕ್ಕೆ ಎದ್ದು, ತಲೆಗೆ ನೀರು ಹಾಕಿಕೊಂಡು, ಭೂಮಿತಾಯಿಗೆ ಎಂದು ಮಾಡಿದ ಅಡುಗೆ ಅದು. ಅದನ್ನು ವಿಷ ಎಂದು ನಾನೇ ಕೈಯಾರೆ ಬರೆದುಕೊಟ್ಟರೆ, ಇನ್ನು ಯಾರ ತಟ್ಟೆಗೆ ಏನೆಂದು ಬಡಿಸಲಿ? ಅನ್ನ ಬೇಯಿಸಿ ಹಾಕುವುದೊಂದೇ ನನಗೆ ಬರುವುದು. ಆ ಕೈಯನ್ನೇ ಕಡಿದುಕೊಡು ಎನ್ನುತ್ತಿದ್ದೀಯಲ್ಲ, ನಿನಗೆ ಹೇಗೆ ಮನಸ್ಸು ಬಂತು?

ನಿನಗೆ ಪರೀಕ್ಷೆ ಇದೆ. ನನಗೂ ಇದೆ. ಫೆಬ್ರವರಿ ಹದಿನಾರು, ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ ಪಿ.ಜಿ.ಯ ಪಾರ್ಕಿಂಗಿನಲ್ಲಿ ಎಲ್ಲರೂ ಸೇರುತ್ತಾರಂತೆ. ಅಲ್ಲಿ ಸಹಿ ಹಾಕಬೇಕು, ಇಲ್ಲದಿದ್ದರೆ ಅದೇ ದಿನ ಕೋಣೆ ಖಾಲಿ ಮಾಡಬೇಕು. ನನ್ನ ಕೋಣೆಯ ಮಾಲೀಕರನ್ನೂ ಒಪ್ಪಿಸಿದ್ದಾರೆ.

ನಾನು ಒಂದು ಮಾತು ಕಳಿಸಿದ್ದೇನೆ. ಅವತ್ತು ಮಾಡಿದ ಅಡುಗೆಯನ್ನೇ ಮಾಡಿ ತರುತ್ತೇನೆ, ಅದೇ ಸೈಟಿನಲ್ಲಿ ಎಲ್ಲರೆದುರು ಚರಗ ಚೆಲ್ಲುತ್ತೇನೆ, ನೋಡಿ ಆಮೇಲೆ ಏನು ಹೇಳುತ್ತೀರೋ ಹೇಳಿ ಎಂದು. ಒಪ್ಪಿದ್ದಾರೆ. ವಿಡಿಯೋ ಮಾಡುತ್ತಾರಂತೆ. ಮಾಡಲಿ, ಈ ಸಲ ಧ್ವನಿಯೂ ಇರುತ್ತದೆ.

ಇಂತಿ,
ಪಾರವ್ವ


ಹರಪನಹಳ್ಳಿ ತಾಲ್ಲೂಕು
೭ ಫೆಬ್ರವರಿ

ಆಂಟಿ,

ಐದು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ನಾನು ನಾಟಕ ಮಾಡಲಿಲ್ಲ. ನೀವು ಹಾಗೆ ಅಂದುಕೊಂಡಿದ್ದರೆ ಅದು ಸುಳ್ಳು. ಶುಕ್ರವಾರ ಸೌಮ್ಯಶ್ರೀ ಬಿದ್ದಾಗ ಅವಳ ತಲೆ ಹಿಡಿದುಕೊಂಡವಳು ನಾನೇ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಶನಿವಾರ ರೂಮಿನಲ್ಲಿ ಎಲ್ಲರೂ ಒಂದೇ ಮಂಚದ ಮೇಲೆ ಕೂತಿದ್ದೆವು, ಬಾತ್‌ರೂಮಿಗೂ ಮೂವರು ಕೈಹಿಡಿದುಕೊಂಡು ಹೋಗುತ್ತಿದ್ದೆವು. ಯಾರೋ ವಿಡಿಯೋ ತೋರಿಸಿದರು. ಅದನ್ನು ನೋಡಿದಾಗ ನನಗೆ ನೀವು ಕಾಣಲೇ ಇಲ್ಲ ಆಂಟಿ. ಆ ಕಂಬ ಕಂಡಿತು. ಇನ್ನೊಂದು ಸೆಕೆಂಡು ಓಡಿದರೆ ನಾನು ಬರುತ್ತೇನೆ ಎಂದು ಉಸಿರು ಹಿಡಿದು ಕೂತಿದ್ದೆ. ಬರಲಿಲ್ಲ. ದೇವರೇ, ಬದುಕಿದೆ ಎಂದುಕೊಂಡೆ.

ಮಾರನೆಯ ದಿನ ಸೌಮ್ಯಶ್ರೀಯ ಅಮ್ಮ ಕೇಳಿದರು. ಇಲ್ಲ ಎಂದರೆ "ಹಾಗಾದ್ರೆ ನೀನ್ಯಾಕೆ ಬಿದ್ದಿಲ್ಲ?" ಎಂದು ಕೇಳುತ್ತಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ತಲೆ ಆಡಿಸಿದೆ. ಆಡಿಸಿದ ಕೂಡಲೇ ಬೆರಳ ತುದಿ ತಣ್ಣಗಾಗಿ, ಕಿವಿ ಮುಚ್ಚಿಕೊಂಡು, ನಿಜವಾಗಿಯೂ ಬಿದ್ದೆ. ಸುಳ್ಳು ಹೇಳಿ ನಿಜವಾಗಿ ಬೀಳುವುದು ಹೇಗೆ ಸಾಧ್ಯ? ಈ ಒಂದು ತಿಂಗಳು ನಾನು ಇದನ್ನೇ ಯೋಚಿಸಿದ್ದೇನೆ. ಇಲ್ಲಿಗೆ ಬಂದ ಮೇಲೂ ಎರಡು ಸಲ ಬಿದ್ದೆ. ಸಿಹಿಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ.

ಒಂದು ಕೇಳುತ್ತೇನೆ, ಬೈಯಬೇಡಿ. ಆ ಕಡಬಿನಲ್ಲಿ ಏನೂ ಇರಲಿಲ್ಲ ತಾನೆ?

ನನಗೆ ಬರಲು ಆಗುವುದಿಲ್ಲ. ಬಂದರೆ ಅಲ್ಲೇ ಮತ್ತೆ ಬೀಳುತ್ತೇನೆ, ಆಗ ನಿಮಗೇ ಇನ್ನೂ ಕೆಡುಕು.

ಶೈಲಾ


ಹೇರೋಹಳ್ಳಿ
೧೨ ಫೆಬ್ರವರಿ

ಶೈಲಾ,

ಕಡಲೆಬೇಳೆ ಅರ್ಧ ಸೇರು. ಬೆಲ್ಲ ಅದಕ್ಕೆ ಸಮ. ಏಲಕ್ಕಿ ನಾಲ್ಕು, ಗಸಗಸೆ ಚಿಟಿಕೆ, ಮೇಲಿನ ಕಣಕಕ್ಕೆ ಗೋಧಿಹಿಟ್ಟು, ಕರಿಯಲು ಶೇಂಗಾ ಎಣ್ಣೆ. ಇಷ್ಟೇ ಇತ್ತು. ನೀನೂ ಕೇಳಿದೆಯಲ್ಲ. ಬೇರೆ ಯಾರು ಕೇಳಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಬೈಯುವುದಿಲ್ಲ. ನಿನ್ನ ಕಾಗದ ಮೂರು ಸಲ ಓದಿದೆ. ನಿನಗೂ ನಿದ್ದೆ ಇಲ್ಲ ಎಂದು ತಿಳಿಯಿತು.

ಸೋಮವಾರ ಮಧ್ಯಾಹ್ನ ಅಕ್ಕಿ ಆರಿಸುತ್ತಾ ಹೊಸ್ತಿಲಲ್ಲಿ ಕೂತಿದ್ದೆ. ಬಸವರಾಜೇಶ್ವರಿ ಮತ್ತೆ ಇಬ್ಬರು ಹೆಂಗಸರು ಬಂದರು. ಎಲ್ಲೋ ಯಾರೋ ಒಬ್ಬ ಪೂಜೆ ಮಾಡುವವನು, ಮಾಟದ ಕಟ್ಟು ಬಿಡಿಸಲು ನನ್ನ ತಲೆಗೂದಲು ಬೇಕು ಎಂದಿದ್ದಾನಂತೆ. ಇಬ್ಬರು ತೋಳು ಹಿಡಿದರು. ಆಕೆ ಜಡೆ ಕತ್ತರಿಸಿದರು. "ನನ್ ಮಗಳು ಊಟ ಮಾಡ್ತಿಲ್ಲ ಕಣ್ರೀ, ನನ್ ಮಗಳನ್ನ ಬಿಟ್ಬಿಡ್ರೀ" ಎಂದು ಅಳುತ್ತಲೇ ಕತ್ತರಿಸಿದರು. ನಾನು ಕೂಗಲಿಲ್ಲ. ಕೂಗಿದರೆ ಅದನ್ನೂ ಮಂತ್ರ ಎನ್ನುತ್ತಾರೆ. ಎದುರು ಜಗಲಿಯ ಮೇಲೆ ಚಿಕ್ಕಹನುಮಯ್ಯ ಕೂತಿದ್ದರು. ಕಣ್ಣು ಮಂಜಲ್ಲವೇ, ಏನೂ ಕಾಣಲಿಲ್ಲ ಅವರಿಗೆ.

ಈಗ ನನಗೆ ಹೆದರಿಕೆಯಾಗಿದೆ, ಮುಚ್ಚಿಡುವುದೇನು. ಅದಕ್ಕೇ ಹೇಳುತ್ತಿದ್ದೇನೆ: ನೀನು ಬರಬೇಡ. ನೀರು ಹಾಕಿದವಳು ನಾನು ಎಂದು ನೀನು ಹೇಳಿದರೆ ಇವರು ನಿನ್ನನ್ನು ಸಾಕ್ಷಿ ಎನ್ನುವುದಿಲ್ಲ, ಇನ್ನೊಬ್ಬಳು ಸಿಕ್ಕಿದಳು ಎನ್ನುತ್ತಾರೆ. ನನಗೆ ಐವತ್ತೆಂಟು, ಜಡೆ ಹೋದರೆ ಹೋಯಿತು. ನಿನಗೆ ಹತ್ತೊಂಬತ್ತು. ಹಿಂದೆ ಯಾರಿದ್ದರು ಎಂದು ಕೇಳಿದರೆ ಯಾರೂ ಇರಲಿಲ್ಲ ಎನ್ನುತ್ತೇನೆ. ಒಬ್ಬಳೇ ಚೆಲ್ಲಿ, ಒಬ್ಬಳೇ ಕೂಗಿ, ಆದದ್ದಾಗಲಿ.

ಪರೀಕ್ಷೆ ಚೆನ್ನಾಗಿ ಬರೆ. ಹೊಟ್ಟೆ ತೊಳಸಿದರೆ ಜೀರಿಗೆ ಕಷಾಯ ಕುಡಿ.

ಪಾರವ್ವ


ಅಜ್ಜಿಯ ಮನೆ
೧೫ ಫೆಬ್ರವರಿ, ಶನಿವಾರ

ಅಪ್ಪಾ,

ನೀವು ಬರುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಈ ಚೀಟಿಯನ್ನು ಅಜ್ಜಿಯ ಕೈಗೆ ಕೊಟ್ಟಿದ್ದೇನೆ. ಅವರನ್ನು ಬೈಯಬೇಡಿ, ನನ್ನನ್ನು ಬೈಯಿರಿ.

ಇವತ್ತು ಬಂದ ಕಾಗದವನ್ನು ಓದಿ ಅಳುತ್ತಾ ಕೂತಿದ್ದೆ. ಅಜ್ಜಿ ಏನೆಂದು ಕೇಳಿದರು. ಎಲ್ಲ ಕಾಗದಗಳನ್ನೂ ಮೊದಲಿನಿಂದ ಓದಿ ಹೇಳಿದೆ. ಜಡೆಯ ಮಾತು ಬಂದಾಗ ಅಜ್ಜಿ ತಮ್ಮ ತುರುಬು ಮುಟ್ಟಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು: "ನೀರು ಹಾಕಿದಾಕಿ ನೀನ, ಬಾಯಿ ಮುಚ್ಕಂಡು ಕುಂತಾಕಿನೂ ನೀನ ಏನು?"

ಅಪ್ಪಾ, ನೀವು ಸಣ್ಣವರಿದ್ದಾಗ ಅಜ್ಜಿಯ ಹಿಂದೆ ತಂಬಿಗೆ ಹಿಡಿದು ನೀವೇ ಹೋಗುತ್ತಿದ್ದಿರಂತೆ. ದಾವಣಗೆರೆಯಲ್ಲಿ ಅಂಗಡಿ ಹಾಕಿದ ಮೇಲೆ ಬಿಟ್ಟಿರಿ. ಆ ವಿಡಿಯೋ ನೋಡಿದಾಗ ಅದು ಚರಗ ಎಂದು ನಿಮಗೆ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಓದು ಬಿಡಿಸಿದರೆ ಬಿಡಿಸಿ. ನನಗೆ ಬಹಳ ಭಯವಾಗಿದೆ. ಆದರೂ ಹೋಗುತ್ತೇನೆ.

ನಿಮ್ಮ ಮಗಳು,
ಶೈಲಾ


ಹೇರೋಹಳ್ಳಿ
೨೦ ಫೆಬ್ರವರಿ

ನೀಲಮ್ಮ ಅಕ್ಕನವರಿಗೆ ಪಾರವ್ವ ಮಾಡುವ ಶರಣು.

ಈ ಕಾಗದವನ್ನು ನಿಮಗೆ ಓದಿ ಹೇಳುವವಳು ನಿಮ್ಮ ಮೊಮ್ಮಗಳೇ. ಬರೆದಿರುವುದೂ ಅವಳ ವಿಷಯವೇ. ಎಲೇ ಶೈಲಾ, ನಡುವೆ ಹಾರಿಸದೆ ಓದು. ಹಾರಿಸಿದರೆ ಅಜ್ಜಿಗೆ ನಿನ್ನ ದನಿಯಿಂದಲೇ ಗೊತ್ತಾಗುತ್ತದೆ.

ಅಕ್ಕಾ, ಭಾನುವಾರ ಪಾರ್ಕಿಂಗಿನಲ್ಲಿ ಎಂಬತ್ತು ಜನರಿದ್ದರು. ಪ್ಲಾಸ್ಟಿಕ್ ಟೇಬಲ್ಲಿನ ಮೇಲೆ ಕಾಗದ, ಪೆನ್ನು, ಹೆಬ್ಬೆಟ್ಟಿನ ಮಸಿ. ಹೆಬ್ಬೆಟ್ಟಿನ ಮಸಿ ನೋಡಿ ನನಗೆ ಆ ಹೊತ್ತಿನಲ್ಲೂ ಸಿಟ್ಟು ಬಂತು. "ನನಗ ಬರಿಯಾಕ ಬರತೈತ್ರಿ" ಎಂದೆ. ಚನ್ನಕೇಶವ ಪೆನ್ನು ಕೊಟ್ಟರು. ನಾನು ಬುಟ್ಟಿ ಎತ್ತಿಕೊಂಡು ಸೈಟಿಗೆ ನಡೆದೆ.

ಐದು ಕಲ್ಲಿಟ್ಟೆ, ಕುಂಕುಮ ಹಚ್ಚಿದೆ, ಕೈಮುಗಿದೆ. ಸಜ್ಜೆರೊಟ್ಟಿ, ಪಲ್ಯ, ಅನ್ನ, ಕಡಬು ಎಲ್ಲ ಮುರಿದು ಕಲಸಿದೆ. ಎಲ್ಲರ ಫೋನೂ ಮೇಲೆ. ಮೊದಲ ಮುಷ್ಟಿ ಚೆಲ್ಲಿ "ಹುಲ್ಲುಲ್ಲಿಗೋ" ಎಂದೆ. ಯಾರೂ ಉಸಿರೆತ್ತಲಿಲ್ಲ. ನಿಮಗೆ ಗೊತ್ತಲ್ಲ ಅಕ್ಕಾ, ಉತ್ತರ ಬರದೆ ಎರಡನೆಯ ಮುಷ್ಟಿ ಎತ್ತಬಾರದು. ಒಬ್ಬಳೇ ಮಾಡುತ್ತೇನೆ ಎಂದು ಬರೆದಿದ್ದೆ, ಜಂಬ. ಅಲ್ಲಿ ನಿಂತಾಗ ಕೈ ಮೇಲೇಳಲಿಲ್ಲ. ಇನ್ನೊಮ್ಮೆ ಕೂಗಿದೆ. ಹಿಂದಿನಿಂದ ಯಾರೋ "ನೋಡ್ರೋ, ಶುರು ಹಚ್ಕೊಂಡ್ಳು" ಎಂದು ನಕ್ಕರು. ಆಚೆ ಕಟ್ಟಡದಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹೆಂಗಸರು ಇಟ್ಟಿಗೆ ಹೊತ್ತು ನಿಂತು ನೋಡುತ್ತಿದ್ದರು, ಬಾಯಿ ಬಿಡಲಿಲ್ಲ. ಅವರನ್ನು ದೂರುವುದಿಲ್ಲ, ಅವರಿಗೂ ಇಲ್ಲೇ ಕೂಲಿ.

ಮೂರನೆಯ ಸಲ ಕೂಗುವಾಗ ನನ್ನ ದನಿ ಒಡೆಯಿತು. ಆಗ ಗೇಟಿನ ಹತ್ತಿರದಿಂದ ಬಂತು.

"ಚಳ್ಳಂಬರಿಗೋ."

ಕ್ಷೀಣ ದನಿ. ಎರಡನೆಯ ಸಲ ಗಟ್ಟಿಯಾಗಿ. ಜನ ದಾರಿ ಬಿಟ್ಟರು. ಹೆಗಲಿಗೆ ಬ್ಯಾಗು, ಕೈಯಲ್ಲಿ ಬಸ್ಸಿನ ನೀರಿನ ಬಾಟಲಿ, ಮುಖ ಸುಣ್ಣ. ನನ್ನ ಹಿಂದೆ ಬಂದು ನಿಂತು, ಬಾಟಲಿಯ ಮುಚ್ಚಳ ತೆಗೆಯಲು ಬಾರದೆ ಹಲ್ಲಿನಿಂದ ತೆಗೆದಳು. ನಾನು ಚೆಲ್ಲಿದೆ, ಅವಳು ನೀರು ಹಾಕಿದಳು. ಒಂದು ಸುತ್ತು ಪೂರ್ತಿ. ಕರೆಂಟು ಕಂಬ ದಾಟುವಾಗ ಒಂದು ಗಳಿಗೆ ನಿಂತು, ಎದುರು ಮನೆಯ ಕ್ಯಾಮೆರಾವನ್ನು ನೋಡಿದಳು. ಆಮೇಲೆ ಮುಂದೆ ಬಂದಳು.

ನಾನು ಹೆದರಿದ್ದಂತೆಯೇ ಆಯಿತು. "ಇವಳೂ ಸೇರ್ಕೊಂಡವ್ಳೆ!" ಎಂದು ಯಾರೋ ಕಿರುಚಿದರು. ಹುಡುಗಿಯರ ಗುಂಪಿನಲ್ಲಿ ಒಬ್ಬಳು ತೂರಾಡಿ ಕೂತಳು, ಇನ್ನೊಬ್ಬಳು ಅಳಲು ಶುರುಮಾಡಿದಳು. ಇನ್ನೇನು, ಹನ್ನೊಂದು ಹೋಗಿ ಇಪ್ಪತ್ತಾಗುತ್ತದೆ ಎಂದುಕೊಂಡೆ. ಬಸವರಾಜೇಶ್ವರಿ ನುಗ್ಗಿ ಬಂದು ಇವಳ ಭುಜ ಹಿಡಿದು ಅಲ್ಲಾಡಿಸಿದರು. "ನಿಜ ಹೇಳೇ! ಅವತ್ತು ಇವ್ಳು ನಿಂಗೆ ಏನಾದ್ರೂ ತಿನ್ನಿಸಿದ್ಳೋ ಇಲ್ವೋ?"

ಇವಳು ಹೇಳಿದಳು, "ತಿನ್ನಿಸಿದ್ರು ಆಂಟಿ. ಎರಡು ಕಡಬು. ಇನ್ನೊಂದು ಕೇಳ್ದೆ, ಕೊಡ್ಲಿಲ್ಲ."

ಯಾರೋ ಒಬ್ಬರು ಫಕ್ಕನೆ ನಕ್ಕುಬಿಟ್ಟರು.

ಇವಳು ನನ್ನ ಕಡೆ ತಿರುಗಿ ಕೈ ಚಾಚಿದಳು. "ದೊಡ್ಡವ್ವ, ಈಗ ಕೊಡ್ರಿ" ಎಂದಳು.

ಅಕ್ಕಾ, ಸಿಹಿಯ ವಾಸನೆಗೆ ಹೊಟ್ಟೆ ತೊಳಸುತ್ತದೆ ಎಂದು ಬರೆದಿದ್ದಳು. ತಿಂದು ಬಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಅದು ಇಬ್ಬರಿಗೂ ಗೊತ್ತಿತ್ತು. ಬೇಡ ಎನ್ನೋಣವೆಂದು ಬಾಯಿ ತೆರೆದೆ. ಇವಳು ಕೈ ಹಿಂದೆ ತೆಗೆಯಲಿಲ್ಲ. ಬುಟ್ಟಿಯ ತಳದಿಂದ ಒಂದು ಇಡೀ ಕಡಬು ತೆಗೆದು ಕೊಟ್ಟೆ.

ಬಿಸಿಲಿನಲ್ಲಿ ನಿಂತು ತಿಂದಳು. ಎಂಬತ್ತು ಜನ ಇವಳು ಬೀಳುವುದನ್ನು ಕಾಯುತ್ತಾ ನಿಂತಿದ್ದರು. ಮೊದಲ ತುತ್ತಿಗೆ ಕಣ್ಣು ಮುಚ್ಚಿದಳು. ನುಂಗಿದಳು. ಎರಡನೆಯ ತುತ್ತು. ಮೂರನೆಯದು. ಬೀಳಲಿಲ್ಲ.

ಆಮೇಲೆ ಜಗಲಿಯಿಂದ ಚಿಕ್ಕಹನುಮಯ್ಯ ಎದ್ದು ಬಂದರು. ನನ್ನ ಮುಖ ನೋಡಲಿಲ್ಲ, ಕೈ ಮಾತ್ರ ಚಾಚಿದರು. ಅವರಿಗೂ ಒಂದು ಕೊಟ್ಟೆ. ಕಣ್ಣು ಈಗ ಚೆನ್ನಾಗಿ ಕಾಣುತ್ತದೆಯೇ ಎಂದು ಕೇಳಿಯೇಬಿಟ್ಟೆ, ತಡೆಯಲಾಗಲಿಲ್ಲ.

ಎಲ್ಲ ಸರಿಯಾಯಿತು ಎಂದು ತಿಳಿಯಬೇಡಿ. ಚನ್ನಕೇಶವ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು, ಹರಿದು ಹಾಕಲಿಲ್ಲ. ಕೆಲಸಕ್ಕೆ ಕರೆದಿಲ್ಲ. ಕೋಣೆ ಉಳಿಯಿತು. ಇವಳ ಮಂಚವನ್ನು ಬೇರೆಯವರಿಗೆ ಕೊಟ್ಟಿದ್ದಾರೆ, ಅದಕ್ಕೇ ನಿಮ್ಮಲ್ಲಿಗೇ ವಾಪಸ್ ಬಂದಳು. ಬಸವರಾಜೇಶ್ವರಿ ಮಂಗಳವಾರ ನನ್ನ ಜಡೆಯನ್ನು ಒಂದು ಕವರಿನಲ್ಲಿ ಹಾಕಿ ಬಾಗಿಲಿಗೆ ನೇತುಹಾಕಿ ಹೋಗಿದ್ದಾರೆ. ನಿನ್ನೆ ಸೌಮ್ಯಶ್ರೀ ಒಬ್ಬಳೇ ಬಂದು ಒಂದು ರೊಟ್ಟಿ ತಿಂದು, ಅಮ್ಮನಿಗೆ ಹೇಳಬೇಡಿ ಎಂದು ಹೋದಳು.

ಇನ್ನು ಶೈಲಾ, ಈ ಸಾಲು ನಿನಗೆ, ಇದನ್ನೂ ಗಟ್ಟಿಯಾಗಿ ಓದು. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ನಲವತ್ತೆರಡು ದಿನ ನೀನು ಸುಮ್ಮನಿದ್ದೆ, ಅದು ಅಷ್ಟು ಬೇಗ ಹೋಗುವುದಿಲ್ಲ. ಬಂದು ಹೊರಡುವಾಗ ಕಾಲು ಮುಟ್ಟಿದೆಯಲ್ಲ, ಆಗಲೂ ಇತ್ತು, ಈಗಲೂ ಇದೆ. ನಿಮ್ಮಪ್ಪ ಒಪ್ಪಿ ನೀನು ಪರೀಕ್ಷೆಗೆ ಬಂದರೆ ನನ್ನ ಕೋಣೆಯಲ್ಲೇ ಇರು. ಚಾಪೆ ಒಂದೇ ಇದೆ, ನೀನು ಗೋಡೆಯ ಕಡೆ ಮಲಗಬೇಕು.

ಅಕ್ಕಾ, ಓದಿ ಮುಗಿಸಿದಳಲ್ಲ, ಇವಳಿಗೆ ಊಟ ಹಾಕಿ. ಬಹಳ ಸೊರಗಿದ್ದಾಳೆ.

ನಿಮ್ಮ ತಂಗಿ,
ಪಾರವ್ವ